ಪರದೆಯ ಮೇಲೆ ಮಾಮಾನ ಟ್ಯಾಂಕರ್

ನನ್ನ ಕೆಲಸ ಮುರಿಯುವುದು. ಹೀಗಂದರೆ ಬೀದರಿನ ನಮ್ಮ ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಾರೆ, ಆದರೆ ಇದಕ್ಕಿಂತ ಸರಳವಾಗಿ ಹೇಳುವುದು ನನಗೆ ಇವತ್ತಿಗೂ ಬಂದಿಲ್ಲ. ಯಾರಾದರೂ ಕಬ್ಬಿಣದಲ್ಲಿ ಏನನ್ನಾದರೂ ಕಟ್ಟಬೇಕೆಂದಿದ್ದರೆ ಅದನ್ನು ಮೊದಲು ನಾನು ಕಂಪ್ಯೂಟರಿನೊಳಗೆ ಕಟ್ಟುತ್ತೇನೆ. ಅದರ ಮೇಲೆ ಭಾರ ಹೇರುತ್ತೇನೆ, ಎಳೆಯುತ್ತೇನೆ, ಗುಂಡಿಗೆ ಇಳಿಸಿ ಕುಣಿಸುತ್ತೇನೆ. ಎಲ್ಲಿ ಬಾಗುತ್ತದೆ, ಎಲ್ಲಿ ಬಿರುಕು ಬಿಡಬಹುದು ಎಂಬುದನ್ನು ಸಾಫ್ಟ್‌ವೇರ್ ಲೆಕ್ಕ ಹಾಕಿ ಬಣ್ಣದಲ್ಲಿ ತೋರಿಸುತ್ತದೆ. ಒತ್ತಡ ಕಡಿಮೆ ಇದ್ದಲ್ಲಿ ನೀಲಿ, ಏರಿದಂತೆ ಹಸಿರು, ಹಳದಿ, ಕೊನೆಗೆ ಕೆಂಪು.

ಲೆಕ್ಕ ಮುಗಿಯಿತು, ಕೆಲಸ ಮುಗಿಯಿತು ಎನ್ನುವವರನ್ನು ಕಂಡರೆ ನನಗೆ ಸಿಟ್ಟು. ಲೆಕ್ಕ ಯಂತ್ರದ್ದು, ಅದನ್ನು ಮನುಷ್ಯರ ಕಣ್ಣಿಗೆ ಕಾಣುವಂತೆ ಮಾಡುವುದು ನಮ್ಮದು. ಹಿನ್ನೆಲೆ ಯಾವ ಬಣ್ಣದ್ದಿರಬೇಕು, ಬೆಳಕು ಎಷ್ಟು ಬೀಳಬೇಕು, ಲೆಕ್ಕಕ್ಕೆಂದು ಚಿತ್ರವನ್ನು ಚೂರುಚೂರಾಗಿ ವಿಂಗಡಿಸಿದ ಜಾಳಿಗೆಯ ಗೆರೆಗಳು ಕಾಣಬೇಕೋ ಬೇಡವೋ, ಬಣ್ಣದ ಪಟ್ಟಿ ಎಲ್ಲಿಂದ ಶುರುವಾಗಿ ಎಲ್ಲಿ ನಿಲ್ಲಬೇಕು, ಇವೆಲ್ಲವನ್ನು ತಿದ್ದುತ್ತ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆಫೀಸಿನವರು ನನ್ನ ಮೇಜಿಗೆ ಬ್ಯೂಟಿ ಪಾರ್ಲರ್ ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ. ಮಾಮಾನ ಟ್ಯಾಂಕರಿನ ಕತೆ ಕೇಳಿದ ಮೇಲೆ ಅವರೂ ಸ್ವಲ್ಪ ಸುಮ್ಮನಾದರು.

ಮಾಮಾ ಎಂದರೆ ನನ್ನ ತಾಯಿಯ ಅಣ್ಣ. ಭಾಲ್ಕಿಯ ಹೊರಗೆ ರಸ್ತೆಯ ಪಕ್ಕದಲ್ಲಿ ಅವರ ವರ್ಕ್‌ಶಾಪು. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರಾಲಿ ಮಾಡುವುದು ಅವರ ಕಸುಬು. ಕಬ್ಬಿನ ಕಾಲದಲ್ಲಿ ಮೆಹಕರದಿಂದ, ಮಹಾರಾಷ್ಟ್ರದ ಗಡಿಯ ಆಚೆಯಿಂದ ಕೂಡ ರೈತರು ಬಂದು ಅವರ ಟ್ರಾಲಿಗಾಗಿ ಕಾಯುತ್ತಿದ್ದರು. ಆ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿಯಿತ್ತು. ಟ್ರಾಲಿ ತಯಾರಾದ ಮೇಲೆ ಬಣ್ಣದ ಡಬ್ಬಿಗಳನ್ನು ಸಾಲಾಗಿ ಇಡುತ್ತಿದ್ದರು. ಹಿಂದಿನ ಮನೆಯಿಂದ ಅತ್ತೆ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದು, ಟ್ರಾಲಿಗೆ ಪೂಜೆ ಮಾಡಿ, ಒಂದು ಡಬ್ಬಿಯ ಮುಚ್ಚಳಕ್ಕೆ ಬೊಟ್ಟು ಇಡುತ್ತಿದ್ದರು. ಆ ಡಬ್ಬಿಯ ಬಣ್ಣವೇ ಆ ಟ್ರಾಲಿಗೆ. ಯಾರಾದರೂ ಮಾಮಾನನ್ನೇ ಕೇಳಿದರೆ, "ಬಣ್ಣ ಮನಿ ಲಕ್ಷ್ಮಿ ಕೈಲೆ ಆಗ್ಬೇಕ್ರಿ, ನಂದೇನಿದ್ರೂ ಬೆಂಕಿ ಕೆಲಸ," ಎನ್ನುತ್ತಿದ್ದರು. ಅತ್ತೆಯ ಕೈಗುಣ ದೊಡ್ಡದೆಂದು ಸುದ್ದಿಯಾಗಿ, ಆ ರಸ್ತೆಯ ಉಳಿದ ವರ್ಕ್‌ಶಾಪಿನವರೂ ತಮ್ಮ ತಮ್ಮ ಹೆಂಡಂದಿರನ್ನು ಕರೆತಂದು ಡಬ್ಬಿಗೆ ಬೊಟ್ಟು ಇಡಿಸತೊಡಗಿದ್ದರು.

ಒಮ್ಮೆ ರಜೆಗೆ ಭಾಲ್ಕಿಗೆ ಹೋದಾಗ ಅಲ್ಲಿ ಟ್ರಾಲಿಯ ಬದಲು ನೀರಿನ ಟ್ಯಾಂಕರಿನ ಕೆಲಸ ನಡೆದಿತ್ತು. ಔರಾದಿನ ಒಬ್ಬ ಭಾಯಿ ಹೇಳಿ ಮಾಡಿಸುತ್ತಿದ್ದದ್ದು. ಅವರದು ಶಾಮಿಯಾನದ ಅಂಗಡಿ. ಮದುವೆಗಳಿಗೆ ಪೆಂಡಾಲು ಹಾಕುವ ಜೊತೆಗೆ ನೀರನ್ನೂ ತಾವೇ ಒದಗಿಸಬೇಕೆಂದು ಅವರ ಆಸೆ. ಟ್ರ್ಯಾಕ್ಟರ್ ಓಡಿಸುವವರೂ ಅವರೇ. ಮಾಮಾ ಹಿಂದೆಯೂ ಸಣ್ಣ ಟ್ಯಾಂಕರ್ ಮಾಡಿದ್ದರು, ಆದರೆ ಭಾಯಿ ಕೇಳಿದ್ದು ಬಹಳ ದೊಡ್ಡದು. ಕೆಳಗಿನ ಚೌಕಟ್ಟು ಮಾತ್ರ ಹಳೆಯ ಅಳತೆಯದೇ. ನನ್ನ ಕೈ ಸುಮ್ಮನಿರಲಿಲ್ಲ. ಟೇಪು ಹಿಡಿದು ಎಲ್ಲವನ್ನೂ ಅಳೆದುಕೊಂಡು ಬೀದರಿಗೆ ಬಂದು ಲೆಕ್ಕಕ್ಕೆ ಕೂರಿಸಿದೆ.

ಉತ್ತರ ಬಂತು. ಟ್ರ್ಯಾಕ್ಟರಿಗೆ ಸಿಕ್ಕಿಸುವ ಮುಂದಿನ ತೊಲೆ ಚೌಕಟ್ಟಿಗೆ ಸೇರುವ ಮೂಲೆಯಲ್ಲಿ ಕೆಂಪು ಬಣ್ಣ ಹೊಳೆಯುತ್ತಿತ್ತು. ಕಬ್ಬು ಹೇರಿದಲ್ಲೇ ಇರುತ್ತದೆ. ನೀರು ಹಾಗಲ್ಲ, ಬ್ರೇಕು ಹಾಕಿದರೆ ಮುಂದಕ್ಕೆ ನುಗ್ಗುತ್ತದೆ, ಆ ನುಗ್ಗಾಟವೆಲ್ಲ ಆ ಒಂದು ಮೂಲೆಗೆ. ಇಳಿಜಾರಿನಲ್ಲಿ ಅದು ಬಿಟ್ಟಿತೆಂದರೆ ತುಂಬಿದ ಟ್ಯಾಂಕರ್ ಎರಗುವುದು ಭಾಯಿಯ ಬೆನ್ನ ಮೇಲೆ. ಮೂಲೆಗೊಂದು ತ್ರಿಕೋನದ ಪ್ಲೇಟು ಹಾಕಿ ವೆಲ್ಡಿಂಗ್ ಮಾಡಿದರೆ ಸಾಕು, ಬಣ್ಣ ಹಚ್ಚುವ ಮೊದಲು ಮಾಡಬೇಕು, ಅಷ್ಟೇ. ಮದುವೆಯ ಕಾಲ ಹತ್ತಿರ ಬಂದಿತ್ತು. ನಾನು ಲ್ಯಾಪ್‌ಟಾಪು ಹೆಗಲಿಗೇರಿಸಿ ಭಾಲ್ಕಿಯ ಬಸ್ಸು ಹತ್ತಿದೆ.

ಅಂದು ಮಾಡಿದ ಎಡವಟ್ಟು ನೆನೆದರೆ ಈಗಲೂ ನಗು ಬರುತ್ತದೆ. ಕಬ್ಬಿಣ ನಿಜಕ್ಕೂ ಬಾಗುವುದು ಕೂದಲೆಳೆಯಷ್ಟು. ಅದು ಕಣ್ಣಿಗೆ ಕಾಣಲೆಂದು ಸಾಫ್ಟ್‌ವೇರ್ ತಾನಾಗಿಯೇ ಬಾಗನ್ನು ಹತ್ತಾರು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ನಮಗೆ ಅದು ಎಷ್ಟು ರೂಢಿಯೆಂದರೆ, ತಿದ್ದಬೇಕೆಂಬುದೇ ಆ ಗಡಿಬಿಡಿಯಲ್ಲಿ ಮರೆತಿತ್ತು. ಕೆಲಸದವರನ್ನೆಲ್ಲ ಕೂಗಿ, ಡಬ್ಬಿಯ ಮೇಲೆ ಲ್ಯಾಪ್‌ಟಾಪಿಟ್ಟು, ದೊಡ್ಡ ಹುಮ್ಮಸ್ಸಿನಿಂದ ಚಿತ್ರ ಓಡಿಸಿದೆ. ಮಾಮಾನ ಟ್ಯಾಂಕರ್ ಮಧ್ಯದಲ್ಲಿ ಜೋತುಬಿದ್ದು, ಮೂತಿ ಮೇಲೆತ್ತಿ, ಹಿಂದೆ ಮುಂದೆ ತೂಗತೊಡಗಿತು.

"ಇದು ಟ್ಯಾಂಕರ್ ಏನ್ರಿ ಅಕ್ಕೋರೆ, ಕೂಸಿನ ತೊಟ್ಲ?" ಎಂದ ಒಬ್ಬ ವೆಲ್ಡರ್. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

ಮಾಮಾ ನಗಲಿಲ್ಲ. "ನಾ ಕಟ್ಟಿದ ಗಾಡಿ ಹಿಂಗ ಬಾಗ್ತದಂತ ನಿನಗ ಯಾರ್ ಹೇಳ್ಯಾರವಾ?" ಎಂದು ಕೇಳಿ ಚಹಾದ ಲೋಟ ಹಿಡಿದು ಹೊರಗೆ ಹೋದರು.

ಸಾಫ್ಟ್‌ವೇರನ್ನೂ ನನ್ನನ್ನೂ ಒಟ್ಟಿಗೆ ಬೈದುಕೊಂಡು ಪ್ರಮಾಣವನ್ನು ನಿಜದ ಅಳತೆಗೆ ಇಳಿಸಿದೆ. ಈಗ ಟ್ಯಾಂಕರ್ ಕಲ್ಲಿನಂತೆ ನಿಂತಿತು, ಬಣ್ಣ ಮಾತ್ರ ಉಳಿಯಿತು. ಮಾಮಾನನ್ನು ಕೈಹಿಡಿದು ಕರೆತಂದು ಕೂರಿಸಿದೆ.

"ಬಾಗೋದು ಬಿಡ್ರಿ ಮಾಮಾ. ಈ ಮೂಲಿ ನೋಡ್ರಿ. ಕೆಂಪಗ ಉರೀಲತ್ತದ."

ಮಾಮಾ ನೋಡಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡು ಮತ್ತೆ ನೋಡಿದರು.

"ಎಲ್ಲಾ ಸರಿಕಟ್ಟೇ, ಒಂದೇ ಥರಾ ಅದಲ್ಲ. ಮೂಲಿಯಾಗ ಬ್ಯಾರೆ ಏನದ?"

"ಸುತ್ತ ಹಸಿರು, ನಡುವ ಕೆಂಪು. ಅಷ್ಟು ದೊಡ್ಡದ ಕಾಣಲ್ದೇನ್ರಿ?"

"ಕಾಣ್ತದ, ಕಾಣ್ತದ," ಎಂದು ಗಡಿಬಿಡಿಯಿಂದ ಎದ್ದರು. "ಇರ್ಲಿ ಬಿಡು. ಇಷ್ಟು ವರ್ಷ ಮಾಡೇನಿ, ಒಂದಾದ್ರೂ ಗಾಡಿ ವಾಪಸ್ ಬಂದದೇನು?"

ನನಗೆ ಮೈಯೆಲ್ಲ ಉರಿಯಿತು. ಕಂಡೂ ಕಾಣದಂತೆ ಮಾಡುವ ಹಟವಲ್ಲದೆ ಇದು ಇನ್ನೇನು? ಪರದೆ ಬೇಡವಾದರೆ ಕಾಗದದ ಮೇಲಾದರೂ ನೋಡಲಿ ಎಂದು ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಗೆ ಓಡಿದೆ. ಅಲ್ಲಿ ಬಣ್ಣದ ಪ್ರಿಂಟರ್ ಕೆಟ್ಟಿತ್ತು. ಕಪ್ಪು ಬಿಳುಪಿನಲ್ಲಿ ಬಂದ ಹಾಳೆಯನ್ನೇ ತಂದು ಮಾಮಾನ ಕೈಗೆ ತುರುಕಿದೆ. ವಿಚಿತ್ರವೆಂದರೆ ಆ ಹಾಳೆಯನ್ನು ಅವರು ಬಿಡಲೇ ಇಲ್ಲ. ಬಿಸಿಲಿಗೆ ಹಿಡಿದು, ತಿರುಗಿಸಿ, ಉಗುರಿನಿಂದ ಗೆರೆ ಎಳೆಯುತ್ತ ನೋಡಿದರು.

"ಮುಂದಿನ ಮೂಲಿ ಕರ್ರಗ ಅದ, ಒಪ್ಪೇನಿ. ಹಿಂದಿನ ತುದೀನೂ ಕರ್ರಗ ಅದಲ್ಲ! ಅಲ್ಲಿ ಭಾರನೇ ಇಲ್ಲ. ನಿನ್ನ ಲೆಕ್ಕ ಎಲ್ಲ್ಯೋ ತಪ್ಯಾದ ನೋಡು."

ಅವರು ಹೇಳಿದ್ದು ಸರಿ, ಹಾಳೆಯ ಮಟ್ಟಿಗೆ. ಬಣ್ಣ ತೆಗೆದುಬಿಟ್ಟರೆ ಕೆಂಪೂ ಕಪ್ಪಗೆ, ಕಡುನೀಲಿಯೂ ಕಪ್ಪಗೆ. ಅತಿ ಹೆಚ್ಚು ಒತ್ತಡದ ಜಾಗವೂ ಏನೂ ಒತ್ತಡವಿಲ್ಲದ ಜಾಗವೂ ಒಂದೇ ಥರ ಕಾಣುತ್ತವೆ. ಇದನ್ನು ವಿವರಿಸಲು ಹೋಗಿ ನಾನೇ ತೊದಲಿದೆ. ಮಾಮಾ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು, ನಾಳೆ ಬಣ್ಣದವನಿಗೆ ಬರಲು ಹೇಳಿ ಎಂದು ಕೆಲಸದವರಿಗೆ ಕೂಗಿದರು.

ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಪುಂಡಿಪಲ್ಯದ ವಾಸನೆಗೆ ಹಸಿವಾದರೂ ಕೂರದೆ ಅತ್ತಿಂದಿತ್ತ ತಿರುಗಾಡುತ್ತ ನಾನು ಒದರಾಡಿದೆ. ಕಣ್ಣೆದುರಿಗೆ ಕೆಂಪು ಇಟ್ಟರೆ ಎಲ್ಲಾ ಸರಿಕಟ್ಟೇ ಅದ ಅಂತಾರೆ, ಬಣ್ಣವೇ ಇಲ್ಲದ ಹಾಳೆಯಲ್ಲಿ ಮಾತ್ರ ಎಲ್ಲಾ ಕಾಣುತ್ತದಂತೆ, ಇಂಥ ಮನುಷ್ಯನನ್ನು ನೋಡಿಲ್ಲ ಎಂದೆ. ಬಡಿಯುತ್ತಿದ್ದ ಅತ್ತೆಯ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿಯನ್ನು ಕೆಳಗಿಳಿಸಿದರು.

"ಕೆಂಪು ಹಸಿರು ಬಿಟ್ಟು ಬ್ಯಾರೆ ಬಣ್ಣದಾಗ ತೋರಿಸ್ಲಿಕ್ಕಿ ಬರಲ್ಲೇನ ನಿನ್ನ ಮಷಿನ್‌ನಾಗ?" ಎಂದು ಕೇಳಿದರು.

"ಬರ್ತದ ಅತ್ತಿ, ಯಾಕ್ರಿ?"

"ಯಾಕಂತ ಕೇಳಬ್ಯಾಡ. ತೋರ್ಸು. ಹೋಗು, ರೊಟ್ಟಿ ನಾ ಮುಚ್ಚಿಡ್ತೇನಿ."

ಆ ಕ್ಷಣ ನನಗೆ ಪೂರ್ತಿ ಅರ್ಥವಾಯಿತು ಎಂದರೆ ಸುಳ್ಳಾಗುತ್ತದೆ. ಅರ್ಧ ಅರ್ಥವಾಯಿತು, ಅಷ್ಟೇ ಸಾಕಾಯಿತು. ಪಡಸಾಲೆಯಲ್ಲಿ ಚಕ್ಕಳಮಕ್ಕಳ ಕೂತು ಲ್ಯಾಪ್‌ಟಾಪು ತೆರೆದೆ. ಕಾಮನಬಿಲ್ಲಿನ ಬಣ್ಣಗಳ ಪಟ್ಟಿಯನ್ನು ಕಿತ್ತು ಹಾಕಿದೆ. ಅದರ ಜಾಗಕ್ಕೆ ಕಡುನೀಲಿಯಿಂದ ಶುರುವಾಗಿ, ಬೂದು ಬಣ್ಣ ದಾಟಿ, ತಿಳಿಯಾಗುತ್ತ ತಿಳಿಯಾಗುತ್ತ ಹಳದಿಗೆ ಮುಗಿಯುವ ಪಟ್ಟಿ ಹಾಕಿದೆ. ಇದರಲ್ಲಿ ಒತ್ತಡ ಏರಿದಂತೆ ಬೆಳಕೂ ಏರುತ್ತದೆ, ನಡುವೆ ಎಲ್ಲೂ ಮೋಸವಿಲ್ಲ. ಹಿನ್ನೆಲೆಯನ್ನು ಕಪ್ಪು ಮಾಡಿದೆ. ಜಾಳಿಗೆಯ ಗೆರೆಗಳನ್ನು ಅಳಿಸಿದೆ. ಕಬ್ಬಿಣ ಮಿರಮಿರ ಮಿಂಚಲೆಂದು ಸಾಫ್ಟ್‌ವೇರ್ ಹಾಕುವ ಸುಳ್ಳು ಬೆಳಕನ್ನು ಆರಿಸಿದೆ, ಇಲ್ಲದಿದ್ದರೆ ಆ ಹೊಳಪನ್ನೇ ಒತ್ತಡವೆಂದುಕೊಳ್ಳುವ ಭಯ. ಪಟ್ಟಿಯ ಮೇಲಿನ ತುದಿಯನ್ನು ಕಬ್ಬಿಣ ತಡೆಯುವ ಮಿತಿಗೆ ಕಟ್ಟಿದೆ, ಹಳದಿ ಕಂಡರೆ ಅಲ್ಲಿ ಮಿತಿ ಮುಟ್ಟಿದೆ ಎಂದೇ ಅರ್ಥವಾಗಬೇಕು. ಕಪ್ಪು ಪರದೆಯ ನಡುವೆ ನೀಲಿ ಟ್ಯಾಂಕರ್, ಅದರ ಮುಂದಿನ ಮೂಲೆಯಲ್ಲಿ ದೀಪ ಹಚ್ಚಿದಂತೆ ಒಂದು ಹಳದಿ ಚುಕ್ಕೆ. ನನ್ನ ಕೈಯಿಂದ ಅಷ್ಟು ಚಂದದ ಚಿತ್ರ ಅದಕ್ಕೆ ಮೊದಲು ಆಗಿರಲಿಲ್ಲ.

ಮಾಮಾ ಚೌಕಟ್ಟಿನ ಪಕ್ಕ ಉಜ್ಜು ಕಾಗದ ಹಿಡಿದು ನಿಂತಿದ್ದರು. ಈ ಸಲ ನಾನು ಬಾಯಿ ಬಿಡಲಿಲ್ಲ. ಎಲ್ಲಿ ನೋಡಬೇಕು, ಏನು ನೋಡಬೇಕು, ಒಂದೂ ಹೇಳದೆ ಪರದೆಯನ್ನು ಅವರ ಕಡೆ ತಿರುಗಿಸಿ ಹಿಡಿದೆ.

ಅವರ ಬೆರಳು ನೇರ ಮೂಲೆಗೆ ಹೋಯಿತು. ಗ್ರೀಸಿನ ಬೆರಳು ಪರದೆಗೆ ಅಂಟಿತು.

"ಇಲ್ಲಿ!" ಎಂದರು. "ಅಲ್ಲವಾ, ಇಲ್ಲೇ ಅಲ್ಲೇನ? ಇಲ್ಲೇ ಹರೀತದ ಇದು!"

"ಹೌದ್ರಿ ಮಾಮಾ!" ನಾನು ಕಿರುಚಿಯೇಬಿಟ್ಟೆ.

"ಇದು ಮೊದಲಿಂದೂ ಹಿಂಗೇ ಇತ್ತೇನ?"

"ಅದೇ ಟ್ಯಾಂಕರ್, ಅದೇ ಲೆಕ್ಕ. ಬಣ್ಣ ಅಷ್ಟೇ ಬದಲ ಮಾಡೇನಿ."

ಮಾಮಾ ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. ಕೆಲಸದವರಿಗೆ ಚಹಾ ಕುಡಿದು ಬನ್ನಿ ಎಂದು ಕಳಿಸಿ ಕಬ್ಬಿಣದ ರಾಶಿಯ ಮೇಲೆ ಕೂತರು. ಕೆಂಪೂ ಹಸಿರೂ ತಮಗೆ ಹುಟ್ಟಿದಾಗಿನಿಂದ ಒಂದೇ ಥರ ಕಾಣುತ್ತವೆ ಎಂದು ಅವರು ಹೇಳಿದ್ದು ಆಗ. ಹುಡುಗರಾಗಿದ್ದಾಗ ಕರೆಂಟಿನ ಕೆಲಸ ಕಲಿಯಲು ಹೋಗಿದ್ದರಂತೆ. ವೈರಿನ ಬಣ್ಣ ತಿಳಿಯದೆ ಪೇಚಿಗೆ ಸಿಕ್ಕು, ಶಾಕಿಗೆ ಹೆದರಿಕೆ ಎಂದು ಮನೆಯಲ್ಲಿ ಸುಳ್ಳು ಹೇಳಿ ವೆಲ್ಡಿಂಗಿಗೆ ಬಂದರಂತೆ.

"ಲಗ್ನಾದ ಹೊಸದಾಗ ನಾ ನಿಮ್ಮ ಅತ್ತಿಗಿ ಕೆಂಪು ಸೀರಿ ತರ್ತೇನಿ ಅಂತ ಹೇಳಿ ಹಸಿರು ತಂದಿದ್ದೆ. ಆಕಿ ಏನೂ ಅನ್ಲಿಲ್ಲ, ಉಟ್ಕೊಂಡಳು. ಮರುದಿನದಿಂದ ಬಣ್ಣದ ಡಬ್ಬಿ ತಾನೇ ನೋಡ್ಲಿಕ್ಕಿ ಬಂದಳು. ಪೂಜಿ, ಬೊಟ್ಟು, ಲಕ್ಷ್ಮಿ ಕೈ, ಎಲ್ಲಾ ಆಕಿ ಹೂಡಿದ್ದು." ಅವರು ನಕ್ಕರು, ಆದರೆ ಕಣ್ಣು ತುಂಬಿದ್ದವು. "ಟ್ರಾಲಿ ಬಣ್ಣ ಗೊತ್ತಾಗಲ್ದ ಮಿಸ್ತ್ರಿ ಅಂದ್ರ ಯಾರ್ ಬರ್ತಾರವಾ ಬಾಕಲಿಗಿ?"

ನನಗೆ ಒಂದೊಂದೇ ನೆನಪಾಗತೊಡಗಿತು. ಬೋರೆ ಹಣ್ಣಿನ ಬುಟ್ಟಿ ಬಂದರೆ ಅತ್ತೆ ಯಾವಾಗಲೂ ಕೆಂಪಗೆ ಮಾಗಿದವನ್ನು ಆರಿಸಿ ಮಾಮಾನ ಅಂಗೈಗೆ ಹಾಕುತ್ತಿದ್ದರು. ನಾವೆಲ್ಲ ಅದನ್ನು ಗಂಡನ ಮೇಲಿನ ಮುದ್ದು ಎಂದು ಛೇಡಿಸುತ್ತಿದ್ದೆವು. ಅತ್ತೆಯನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಅಡುಗೆಮನೆಗೆ ಓಡಿ ಅಪ್ಪಿಕೊಂಡೂ ಬಿಟ್ಟೆ, ಅವರ ಕೈಯ ಜೋಳದ ಹಿಟ್ಟು ನನ್ನ ಬೆನ್ನಿಗೆಲ್ಲ ಹತ್ತಿತು.

ಆಮೇಲೆ ಮಾಮಾನನ್ನು ಹಿಡಿಯುವವರೇ ಇಲ್ಲ! ನಾಳೆ ಬರಬೇಡವೆಂದು ಬಣ್ಣದವನಿಗೆ ಹೇಳಿ ಕಳಿಸಿದರು. ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತು, "ಪ್ಲೇಟ್ ಹಚ್ಚಿ ನೋಡು," ಎಂದರು. ಪರದೆಯ ಮೇಲೆ ಹಚ್ಚಿದೆ. ಹಳದಿ ಚುಕ್ಕೆ ಬೂದಾಯಿತು. "ಇನ್ನಾ ಜರಾ ದೊಡ್ಡದು ಮಾಡು." ನೀಲಿಯಾಯಿತು. ಮಾಮಾ ತೊಡೆ ತಟ್ಟಿಕೊಂಡರು. ಗುಂಡಿಯಲ್ಲಿ ಒಂದೇ ಗಾಲಿ ಇಳಿದರೆ? ಅರ್ಧ ಟ್ಯಾಂಕ್ ನೀರಿದ್ದು ಜೋರಾಗಿ ಬ್ರೇಕು ಹಾಕಿದರೆ? ಟ್ರ್ಯಾಕ್ಟರ್ ಒಂದು ಕಡೆ, ಟ್ಯಾಂಕರ್ ಇನ್ನೊಂದು ಕಡೆ ತಿರುಗಿದರೆ? ಪ್ರತಿ ಸಲ ಲೆಕ್ಕ ಮುಗಿಯುವವರೆಗೆ ಇಬ್ಬರೂ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಕೊನೆಗೆ ಮೌಸನ್ನೇ ನನ್ನ ಕೈಯಿಂದ ಕಸಿದುಕೊಂಡು ಟ್ಯಾಂಕರನ್ನು ಮೇಲೆ ಕೆಳಗೆ ಉರುಳಿಸುತ್ತ, ತಾವು ಕಟ್ಟಿದ್ದರ ಹೊಟ್ಟೆಯನ್ನೆಲ್ಲ ನೋಡಿದರು. ಊಟಕ್ಕೆ ಕರೆದರೂ ಏಳಲಿಲ್ಲ. ಮುಚ್ಚಿಟ್ಟ ರೊಟ್ಟಿಯನ್ನು ಅತ್ತೆ ಅಲ್ಲಿಗೇ ತಂದುಕೊಟ್ಟರು.

ಪ್ಲೇಟು ಕೂತಿತು. ಬಣ್ಣದ ದಿನ ಭಾಯಿಯೂ ಔರಾದಿನಿಂದ ಬಂದರು. ಡಬ್ಬಿಗಳು ಸಾಲಾಗಿ ನಿಂತಿದ್ದವು. ಅತ್ತೆ ಪೂಜೆ ಮುಗಿಸಿ, ಕುಂಕುಮದ ಬಟ್ಟಲನ್ನು ಮಾಮಾನ ಕಡೆ ಚಾಚಿ ಹಿಂದೆ ಸರಿದರು.

"ಈ ಸಲ ನೀವೇ ಹೇಳ್ರಿ."

ಭಾಯಿ ಗಾಬರಿಯಾದರು. "ಅರೇ, ಭಾಭೀ ಕೈಲೆ ಆಗ್ಬೇಕ್ರಿ ಮಿಸ್ತ್ರಿ! ಅದಕ್ಕೇ ಅಲ್ಲೇನು ಇಷ್ಟು ದೂರ ಬಂದಿದ್ದು?"

ಮಾಮಾ ಒಮ್ಮೆ ಅತ್ತೆಯ ಮುಖ ನೋಡಿದರು. ಆಮೇಲೆ ಎಲ್ಲರೆದುರಿಗೇ, ಮನೆಯಲ್ಲಿ ಮಾತಾಡುವಷ್ಟೇ ಸಲೀಸಾಗಿ, "ಭಾಯಿ, ನನಗ ಕೆಂಪು ಹಸಿರು ತಿಳಿಯಲ್ಲ. ಹುಟ್ಟಿದಾಗಿಂದ ತಿಳಿಯಲ್ಲ. ಅದಕ್ಕೇ ಇಷ್ಟು ವರ್ಷ ಆಕಿ ಆರಿಸ್ಲತ್ತಿದ್ದಳು," ಎಂದುಬಿಟ್ಟರು.

ವರ್ಕ್‌ಶಾಪಿನಲ್ಲಿ ಗ್ರೈಂಡರಿನ ಸದ್ದೂ ನಿಂತಿತು. ಭಾಯಿ ಗಡ್ಡ ಸವರಿಕೊಳ್ಳುತ್ತ ರಸ್ತೆಯ ಆಚೆ ಈಚೆ ಇದ್ದ ವರ್ಕ್‌ಶಾಪುಗಳ ಕಡೆ ಒಮ್ಮೆ ಕಣ್ಣು ಹಾಯಿಸಿದರು.

"ಹಂಗಾರ ಈ ಪೂರಾ ಲೈನಿನ ಮಂದಿ ಬರಕತ್ ಅಂತ, ಕೈಗುಣ ಅಂತ ಹೆಂಡರ ಕೈಲೆ ಬೊಟ್ಟು ಇಡಿಸ್ಲತ್ತದಲ್ರಿ, ಅದು?"

ಮೊದಲು ನಕ್ಕವರು ಅತ್ತೆ. ಆಮೇಲೆ ಆ ನಗು ನಿಲ್ಲಲೇ ಇಲ್ಲ. ಭಾಯಿ ಕಣ್ಣೊರೆಸಿಕೊಂಡು, ತಮ್ಮ ಬೆನ್ನ ಹಿಂದಿನ ಕಬ್ಬಿಣ ಗಟ್ಟಿ ಇದ್ದರೆ ಸಾಕು, ಬಣ್ಣ ನಿಮ್ಮಿಷ್ಟ ಎಂದರು. ಮಾಮಾ ಕುಂಕುಮದಲ್ಲಿ ಬೆರಳದ್ದಿ ಒಂದು ಡಬ್ಬಿಗೆ ಇಟ್ಟರು, ಇನ್ನೊಂದಕ್ಕೂ ಇಟ್ಟರು. "ಮೈ ಎಲ್ಲಾ ನೀಲಿ. ನಡುವ ಅಗಲಕ ಒಂದು ಹಳದಿ ಪಟ್ಟಿ. ಇವೆರಡು ನನಗ ಖರೇನೇ ಕಾಣ್ತಾವ." ಬಣ್ಣದವನು ಕುಂಚ ಎತ್ತಿದಾಗ ಮಾಮಾ ಅವನ ಹಿಂದೆಯೇ ನಿಂತು, ಇಲ್ಲಿ ಸರಿಯಾಗಿ ಕೂತಿಲ್ಲ, ಅಲ್ಲಿ ಇನ್ನೊಂದು ಕೈ ಹಾಕು ಎಂದು ಅವನ ಜೀವ ತಿಂದರು. ಅಲ್ಲಿಯವರೆಗೆ ಅವರು ಬಣ್ಣದವನ ಹತ್ತಿರ ಸುಳಿದದ್ದನ್ನು ಯಾರೂ ನೋಡಿರಲಿಲ್ಲ.

ಆ ವರ್ಷದ ಮದುವೆಯ ಕಾಲ ಮುಗಿಯುತ್ತ ಬಂದಾಗ ಔರಾದಿನಲ್ಲಿ ನಮ್ಮ ಬಳಗದವರ ಲಗ್ನವಿತ್ತು. ಮಾಮಾ, ಅತ್ತೆ, ನಾನು ಜೀಪಿನಲ್ಲಿ ಹೊರಟಿದ್ದೆವು. ಮಾಮಾ ಮುಂದಿನ ಸೀಟಿನಲ್ಲಿ. ಈ ದಾರಿಗಳಲ್ಲಿ ಅವರ ಟ್ರಾಲಿಗಳು ಎದುರಾಗುವುದು ಹೊಸತಲ್ಲ. ಪ್ರತಿ ಸಲ ಅತ್ತೆಯೇ ಮೊದಲು ನೋಡಿ, ಯಾರಿಗೂ ಕೇಳದಂತೆ, "ಅದು ನಮ್ದು ನೋಡ್ರಿ," ಎಂದು ಗಂಡನಿಗೆ ಹೇಳುತ್ತಿದ್ದರು. ಹತ್ತಿರ ಬಂದ ಮೇಲೆ ವೆಲ್ಡಿಂಗ್ ನೋಡಿ ಮಾಮಾ ಹೌದೆನ್ನುತ್ತಿದ್ದರು.

ಎರೆಹೊಲಗಳ ನಡುವೆ ನೇರವಾಗಿ ಹೋಗುವ ರಸ್ತೆ. ದೂರದ ಏರಿನ ಮೇಲೆ ಅಂಗೈಯಷ್ಟು ನೀಲಿ ಕಂಡಿತು, ನಡುವೆ ಹಳದಿ ಗೆರೆ. ನಾನು ಬಾಯಿ ತೆರೆದೆ. ಅತ್ತೆ ನನ್ನ ಮೊಣಕೈ ಹಿಡಿದು ಗಟ್ಟಿಯಾಗಿ ಒತ್ತಿದರು. ಅವರೂ ನೋಡಿದ್ದರು. ನೋಡಿ, ತುಟಿ ಬಿಗಿದು, ಕಿಟಕಿಯ ಆಚೆ ಮುಖ ಮಾಡಿದರು.

"ನಿಂದ್ರಸು!" ಎಂದು ಮಾಮಾ ಡ್ರೈವರನ ಹೆಗಲಿಗೆ ಹೊಡೆದರು. "ನಿಂದ್ರಸೋ! ನನ್ನ ಗಾಡಿ ಅದು! ಬರ್ಲತ್ತದ ನೋಡ್ರಿ, ನನ್ನ ಗಾಡಿ!"

ಭಾಯಿ ನಗುತ್ತ ಟ್ರ್ಯಾಕ್ಟರ್ ನಿಲ್ಲಿಸಿದರು. ಟ್ಯಾಂಕರ್ ತುಂಬಿತ್ತು. ಇಸ್ತ್ರಿ ಮಾಡಿದ ಅಂಗಿಯಲ್ಲೇ ಮಾಮಾ ಬಗ್ಗಿ ಮುಂದಿನ ಮೂಲೆಗೆ ಕೈ ಹಾಕಿದರು, ಪ್ಲೇಟಿನ ವೆಲ್ಡಿಂಗನ್ನು ಬೆರಳಿನಿಂದ ಸವರಿ ನೋಡಿದರು. ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ. ಎದ್ದು ಕೈ ಒರೆಸಿಕೊಂಡು ರಸ್ತೆಯ ಅಂಚಿಗೆ ಸರಿದರು, ಅಲ್ಲಿಂದ ಹೊಲದ ಬದುವಿಗೆ ಇಳಿದರು.

"ಲಗ್ನಕ್ಕ ಹೊತ್ತಾಗ್ಲತ್ತದ, ಬರ್ರಿ," ಎಂದು ಅತ್ತೆ ಕೂಗಿದರು.

"ತಡಿ," ಎಂದರು ಮಾಮಾ, ಬೆನ್ನು ಹಿಂದಾಗಿ ಇನ್ನೂ ನಾಲ್ಕು ಹೆಜ್ಜೆ ಹೋಗುತ್ತ. "ಜರಾ ದೂರದಿಂದ ನೋಡ್ತೇನಿ."